ಬಿಚ್ಚಿಟ್ಟ ಶಿವದಾರ

ಕೊರಟಗೆರೆಯ ಬಟ್ಟೆ ಅಂಗಡಿಯ ಯಜಮಾನರು ತೀರಿಕೊಂಡಾಗ ಊರಿನವರು ನಡೆಸಿದ ಸಂತಾಪ ಸಭೆಯಲ್ಲಿ ನನಗೆ ಐದು ನಿಮಿಷ ಕೊಟ್ಟಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳ ಗಂಟೆಗೆ ಪಳಗಿದ ನಾಲಿಗೆ ನನ್ನದು. ಪೀಠಿಕೆ, ಮೂರು ಅಂಶ, ಉಪಸಂಹಾರ ಎಲ್ಲವನ್ನೂ ಐದು ನಿಮಿಷದಲ್ಲಿ ಮುಗಿಸಬಲ್ಲೆ, ಮುಗಿಸಿದೆ. ಸರಳತೆ, ಔದಾರ್ಯ, ಶಿವಭಕ್ತಿ ಎಂಬ ಮೂರು ಅಂಶಗಳಿಗೂ ಜನ ತಲೆದೂಗಿದರು. ವೇದಿಕೆ ಇಳಿದು ಬರುವಾಗ ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಅವರ ಸೊಸೆ ಗಿರಿಜಮ್ಮ ಮೆಲ್ಲಗೆ ಅಂದರು:

"ಚೆನ್ನಾಗಿ ಹೇಳಿದ್ರಿ ಮೇಷ್ಟ್ರೇ. ಆದ್ರೆ ಅದು ನಮ್ಮ ಮಾವ ಅಲ್ಲ, ಯಾರೋ ಬೇರೆಯೋರು."

ಅವರು ಹೇಳಿದ್ದು ನಿಜ. ಹೇಳಬೇಕಾದ ಒಂದೇ ಒಂದು ಸಂಗತಿಯನ್ನು ನಾನು ನುಂಗಿಕೊಂಡಿದ್ದೆ, ಏಕೆಂದರೆ ಅದನ್ನು ಹೇಳಲು 'ಮೂತ್ರ' ಎಂಬ ಪದವನ್ನು ಧ್ವನಿವರ್ಧಕದಲ್ಲಿ ಉಚ್ಚರಿಸಬೇಕಿತ್ತು. ಸಮಾಜ ಸುಧಾರಣೆಯ ಮಾತನ್ನು ವರ್ಷಗಟ್ಟಲೆ ಆಡಿದ ನನಗೆ ಆ ಧೈರ್ಯ ಬರಲಿಲ್ಲ. ಕೆಲವು ದಿನಗಳ ಮೇಲೆ ಅವರ ಮನೆಗೆ ಹೋಗಿ, ಇದನ್ನು ಬರೆಯಬಹುದೇ ಎಂದು ಕೇಳಿದೆ.

"ಬರೀರಿ. ಅವ್ರೇ ಎಲ್ಲರ ಮುಂದೆ ಹೇಳ್ತಿದ್ರು, ನಿಮಗ್ಯಾಕೆ ನಾಚ್ಕೆ?" ಎಂದರು ಗಿರಿಜಮ್ಮ.

ಯಜಮಾನರ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನದೇ ತೀರ್ಮಾನ. ಹೆಸರಿಟ್ಟರೆ ಇದು ಒಬ್ಬರ ಕಾಯಿಲೆಯಾಗುತ್ತದೆ, ಇದು ಒಬ್ಬರದಲ್ಲ.

ಎತ್ತರದ ಒಣಕಲು ಮೈ, ಹಣೆಯ ಮೇಲೆ ಮೂರು ವಿಭೂತಿ ಪಟ್ಟೆ, ಮೊಣಕೈವರೆಗೆ ಮಡಿಸಿದ ಬಿಳಿ ಅಂಗಿ, ಬಿಳಿಯ ಪಂಚೆ. ಪಾವಗಡದ ಗಿರಾಕಿಗಳೊಡನೆ ತೆಲುಗು, ಸಿರಾದ ಕಡೆಯ ಮುಸ್ಲಿಮರೊಡನೆ ತಕ್ಕಮಟ್ಟಿನ ಉರ್ದು, ಉಳಿದವರೊಡನೆ ನಮ್ಮ ಕಡೆಯ ಕನ್ನಡ. ಬಟ್ಟೆಗೆ ಅವರು ಕತ್ತರಿ ಹಾಕುತ್ತಿರಲಿಲ್ಲ. ಚೂರಿಯ ಮೊನೆಯಿಂದ ಅಂಚನ್ನು ಒಂದಿಷ್ಟು ಸೀಳಿ, ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಎಳೆದರೆ ಬಟ್ಟೆ ದಾರದ ಗುಂಟ ನೇರವಾಗಿ ಹರಿಯುತ್ತಿತ್ತು. ಆ ಸದ್ದು ಬೀದಿಯ ಆಚೆ ಬದಿಗೂ ಕೇಳಿಸುತ್ತಿತ್ತು. ಅಳತೆಗಿಂತ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟೇ ಹರಿಯುತ್ತಿದ್ದರು. ಯಾಕೆಂದು ಕೇಳಿದವರಿಗೆ, "ಒಗೆದ್ರೆ ಕುಗ್ತದೆ ಕಣಮ್ಮ. ಅದನ್ನ ನಾನು ಯೋಚ್ನೆ ಮಾಡ್ಬೇಕು, ನೀನಲ್ಲ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿನ ಪ್ರೌಢಶಾಲೆಗೆ ಅಧ್ಯಾಪಕನಾಗಿ ಬಂದೆ. ನಿಡುಗಲ್ ಕಡೆಯ, ಕುರಿ ಸಾಕುವ ಮನೆತನದವನು ನಾನು. ಜಾತಿ ಕೇಳಿ ಮೂರು ಮನೆಗಳಲ್ಲಿ ಕೋಣೆ ಇಲ್ಲವೆಂದರು. ನಾಲ್ಕನೆಯದು ಯಜಮಾನರ ಮನೆ. ಮುಂದೆ ಅಂಗಡಿ, ಹಿಂದೆ ವಾಸ. ಅವರು ಬಾಯಿ ತೆರೆಯುವ ಮೊದಲೇ ನಾನು ನನ್ನ ಜಾತಿಯನ್ನು ಘೋಷಿಸಿ, ಮಾನವ ಸಮಾನತೆಯನ್ನು ಕುರಿತು ಒಂದು ಕಿರುಭಾಷಣ ಆರಂಭಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ಆಯ್ತು ಮೇಷ್ಟ್ರೇ. ಬಾವಿಯಿಂದ ನೀರು ಸೇದೋಕೆ ಬರ್ತದಾ? ಹಗ್ಗ ಹಳೇದು, ನಿಧಾನಕ್ಕೆ ಸೇದ್ಬೇಕು."

ಅಷ್ಟೆ. ಅವರದು ತಲೆತಲಾಂತರದಿಂದ ಬಂದ ಲಿಂಗವಂತರ ಮನೆ, ಆ ಬಾವಿ ಆ ಮನೆಯ ಅಡುಗೆಯ ನೀರಿನ ಬಾವಿ. ನನ್ನ ಬಳಿ ಇನ್ನೂ ಎರಡು ಅಂಶಗಳು ಉಳಿದಿದ್ದವು. ಹೇಳುವ ಸಂದರ್ಭವೇ ಬರಲಿಲ್ಲ.

ಭಾನುವಾರದ ಸಂಜೆ ಅಂಗಡಿಯ ಜಗಲಿಯ ಮೇಲೆ ನಾನೊಂದು ಚರ್ಚಾಕೂಟ ನಡೆಸುತ್ತಿದ್ದೆ. ವರದಕ್ಷಿಣೆ, ಪಾನನಿಷೇಧ, ಅಂತರ್ಜಾತಿ ವಿವಾಹ ಹೀಗೆ ವಾರಕ್ಕೊಂದು ವಿಷಯ. ಜಮಖಾನ ಅವರದು, ಮಂಡಕ್ಕಿಯೂ ಅವರದೇ. ಗೋಡೆಗೊರಗಿ ಕುಳಿತು ಪರ ವಿರೋಧ ಎರಡನ್ನೂ ಕೇಳುತ್ತಿದ್ದರು. ತಾವು ಒಂದು ದಿನವೂ ಮಾತಾಡಲಿಲ್ಲ. ಒತ್ತಾಯಿಸಿದರೆ, "ಎರಡು ಕಡೆಯೋರೂ ಸರಿಯಾಗೇ ಹೇಳ್ತೀರಿ. ನನಗೆ ಅದೇ ಅನುಮಾನ" ಎಂದು ನಗುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವರಿಗೆ ಮೂತ್ರ ಕಟ್ಟಿಕೊಳ್ಳತೊಡಗಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯಾಯಿತು. ಕೆಲವು ವಾರಗಳ ನಂತರ ಊರಿಗೆ ಮರಳಿ, ವಿಚಾರಿಸಲು ಬಂದವರಿಗೆಲ್ಲ "ಕಲ್ಲಿತ್ತು, ತೆಗೆದ್ರು" ಎಂದರು. ಕಲ್ಲಿಗೆ ಊರಿನಲ್ಲಿ ಒಂದು ಮರ್ಯಾದೆ ಇತ್ತು. ಎಷ್ಟು ದಪ್ಪದ ಕಲ್ಲು ಎಂದು ಜನ ಕೇಳುತ್ತಿದ್ದರು, ಅವರು ಹೆಬ್ಬೆರಳಿನ ತುದಿ ತೋರಿಸುತ್ತಿದ್ದರು.

ಆಮೇಲೆ ಅವರು ಬದಲಾದರು. ಅಂಗಡಿಯಲ್ಲಿ ಕುಳಿತುಕೊಳ್ಳುವುದನ್ನೇ ಬಿಟ್ಟರು, ನಿಂತೇ ವ್ಯಾಪಾರ. ಬಿಸಿಲಿನಲ್ಲೂ ಸೊಂಟದ ಸುತ್ತ ಶಾಲು. ಕೆಮ್ಮು ಬಂದರೆ ಗಿರಾಕಿಯನ್ನು ಅಲ್ಲಿಯೇ ಬಿಟ್ಟು ಒಳಗೆ ನಡೆಯುತ್ತಿದ್ದರು. ಮಧ್ಯಾಹ್ನದ ಊಟ ನಿಂತಿತು, ರಾತ್ರಿಯದೂ ನಿಂತಿತು. ಗಿರಿಜಮ್ಮ ಕೇಳಿದರೆ, "ಒಪ್ಪೊತ್ತಿನ ವ್ರತ ಹಿಡಿದಿದ್ದೀನಿ ಕಣಮ್ಮ" ಎಂದರು. ಊರಿಗೆ ಸುದ್ದಿ ಹಬ್ಬಿತು. ಸಾವಿನ ಬಾಗಿಲಿಗೆ ಹೋಗಿ ಬಂದ ಯಜಮಾನರು ಕಠಿಣ ವ್ರತ ಹಿಡಿದಿದ್ದಾರೆಂದು ಕೆಲವರು ಕಾಲಿಗೆ ಬೀಳತೊಡಗಿದರು. ಬಿದ್ದವರ ತಲೆ ಮುಟ್ಟಲು ಬಗ್ಗದೆ ಅವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅದನ್ನೂ ಜನ ವಿನಯವೆಂದೇ ತಿಳಿದರು.

ನಾನು ಏನು ತಿಳಿದೆನೆಂಬುದನ್ನು ಹೇಳಲು ಇಂದಿಗೂ ಸಂಕೋಚವಾಗುತ್ತದೆ. ಇಷ್ಟು ವಿವೇಕಿಯಾದವರು ಮುಪ್ಪಿನಲ್ಲಿ ಮೌಢ್ಯಕ್ಕೆ ಬಿದ್ದರೆಂದು ಭಾವಿಸಿದೆ. ಆ ಭಾನುವಾರದ ಚರ್ಚೆಗೆ 'ಉಪವಾಸ ವ್ರತಗಳಿಂದ ಸಮಾಜಕ್ಕೆ ಪ್ರಯೋಜನವಿಲ್ಲ' ಎಂಬ ವಿಷಯವನ್ನಿಟ್ಟು, ನಾನೇ ಪರವಾಗಿ ಮಾತನಾಡಿದೆ. ದೇಹವನ್ನು ದಂಡಿಸುವುದು ಒಂದು ಬಗೆಯ ಅಹಂಕಾರವೆಂದೆ. ಹೊಗಳಿಕೆಗಾಗಿ ಹಸಿಯುವವರೂ ಉಂಟೆಂದೆ. ಬಾಗಿಲ ಬಳಿ ನಿಂತಿದ್ದ ಅವರ ಮುಖವನ್ನು ನೋಡಿಯೇ ಅಂದೆ. ಎಲ್ಲರೂ ಎದ್ದ ಮೇಲೆ ಅವರು, "ವಾದ ಗಟ್ಟಿಯಾಗಿತ್ತು ಮೇಷ್ಟ್ರೇ" ಎಂದು ಹೇಳಿ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಒಳಗೆ ಹೋದರು.

ನಾಲ್ಕು ದಿನವೂ ಆಗಿರಲಿಲ್ಲ. ಬೆಳಿಗ್ಗೆ ಹತ್ತರ ಸುಮಾರಿಗೆ ಒಬ್ಬ ಹೆಂಗಸಿಗೆ ರವಿಕೆ ಬಟ್ಟೆ ಹರಿಯುತ್ತಿದ್ದಾಗ, ಬಟ್ಟೆಯನ್ನು ಹಿಡಿದಂತೆಯೇ ಕುಸಿದು ಬಿದ್ದರು. ಮೈ ಕೆಂಡದಂತೆ ಸುಡುತ್ತಿತ್ತು. ಮಗ ಬಟ್ಟೆಯ ಗಂಟುಗಳೊಡನೆ ಹೊಳವನಹಳ್ಳಿಯ ಸಂತೆಗೆ ಹೋಗಿದ್ದ. ಗಿರಿಜಮ್ಮ ಶಾಲೆಯಿಂದ ನನ್ನನ್ನು ಕರೆಸಿದರು. ನಾನು ಯಜಮಾನರನ್ನು ಬಸ್ಸಿನಲ್ಲಿ ಮಧುಗಿರಿಯ ವೈದ್ಯರೊಬ್ಬರ ಬಳಿಗೆ ಕರೆದೊಯ್ದೆ.

ವೈದ್ಯರು ಮುಲಾಜಿಲ್ಲದೆ ಮಾತನಾಡುವ ಮನುಷ್ಯ. ಪರೀಕ್ಷಿಸಿ, ಕೇಳಿದರು:

"ನೀರು ಎಷ್ಟು ಕುಡೀತೀರಿ?"

"ಒಂದು ಲೋಟ."

"ಒಂದು ಸಲಕ್ಕಾ?"

"ದಿನಕ್ಕೆ."

ವೈದ್ಯರು ಪೆನ್ನನ್ನು ಮೇಜಿನ ಮೇಲಿಟ್ಟರು.

ಆ ಮೇಲೆ ಅವರು ವಿವರಿಸಿದ್ದರಿಂದ ನನಗೆ ವಿಷಯ ತಿಳಿಯಿತು. ಶಸ್ತ್ರಚಿಕಿತ್ಸೆಯಾದ ಮೇಲೆ ಮೂತ್ರದ ಹಿಡಿತ ತಪ್ಪಿತ್ತು. ಕುಳಿತೆದ್ದರೆ, ಕೆಮ್ಮಿದರೆ, ಬಗ್ಗಿದರೆ ಸೋರುತ್ತಿತ್ತು. ಸೋರಬಾರದೆಂದು ಇವರು ನೀರನ್ನೇ ಬಿಟ್ಟಿದ್ದರು. ನೀರು ಕಡಿಮೆಯಾದಷ್ಟೂ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸಿ ಇನ್ನಷ್ಟು ಸೋರಿಸಿತ್ತು. ಈಗ ನಂಜೂ ಆಗಿತ್ತು.

"ನೋಡಿ ಯಜಮಾನ್ರೇ, ಈ ಆಪರೇಷನ್ ಆದ ಎಷ್ಟೋ ಜನಕ್ಕೆ ಹಿಂಗಾಗುತ್ತೆ. ತಿಂಗಳುಗಳು ಕಳೆದಂಗೆ ಹೆಚ್ಚಿನೋರಿಗೆ ಹಿಡಿತ ಬರುತ್ತೆ. ಆದ್ರೆ ನೀವು ನೀರು ಬಿಟ್ರೆ ಮೂತ್ರಪಿಂಡ ಕೈಕೊಡುತ್ತೆ, ಅಷ್ಟು ದಿನ ನೀವೇ ಇರಲ್ಲ. ಈ ಮಾತ್ರೆ ದಿನಕ್ಕೆ ಮೂರು, ಜೊತೆಗೆ ತುಂಬಾ ನೀರು. ಇವತ್ತು ಮಧ್ಯಾಹ್ನದಿಂದಲೇ."

ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನು ಬಿಗಿಹಿಡಿದು ಬಿಡುವ ಒಂದು ಅಭ್ಯಾಸವನ್ನೂ ಹೇಳಿಕೊಟ್ಟರು. ಯಜಮಾನರು ಎಲ್ಲಕ್ಕೂ ತಲೆಯಾಡಿಸಿದರು. ಹೊರಗೆ ಬಂದ ಮೇಲೆ ನಾನು ಸೋಡ ಅಂಗಡಿಯಿಂದ ನೀರು ತಂದು ಮಾತ್ರೆಯನ್ನು ಮುಂದೆ ಹಿಡಿದೆ. ಮುಟ್ಟಲಿಲ್ಲ.

ಬಸ್ಸಿನ ಹಿಂದಿನ ಸೀಟಿನಲ್ಲಿ, ಎಂಜಿನ್ನಿನ ಸದ್ದಿನ ಮರೆಯಲ್ಲಿ, ಮೊದಲ ಬಾರಿಗೆ ಬಾಯಿಬಿಟ್ಟರು.

"ಮೈಮೇಲೆ ಲಿಂಗ ಇಲ್ಲ ಮೇಷ್ಟ್ರೇ."

ಅವರ ಮನೆಯಲ್ಲಿ ಎಲ್ಲರ ಎದೆಯ ಮೇಲೂ ಶಿವದಾರದಲ್ಲಿ ಕಟ್ಟಿದ ಬೆಳ್ಳಿಯ ಕರಡಿಗೆ ಇರುತ್ತಿತ್ತು, ಅದರೊಳಗೆ ಇಷ್ಟಲಿಂಗ. ಹುಟ್ಟಿದ ಹೊಸತಿನಲ್ಲಿ ಕಟ್ಟಿದ್ದು ಸಾಯುವವರೆಗೆ ಮೈಬಿಟ್ಟು ಇಳಿಯಬಾರದು. ಬೆಳಿಗ್ಗೆ ಮಿಂದು ಅಂಗೈಯಲ್ಲಿಟ್ಟು ಪೂಜಿಸಬೇಕು. ಅದು ಮೈಮೇಲಿಲ್ಲದೆ ಒಂದು ಗುಟುಕು ನೀರೂ ಗಂಟಲಿಗೆ ಇಳಿಯಬಾರದು. ಒದ್ದೆಯಾದ ಮೈಯಲ್ಲಿ ಲಿಂಗ ಧರಿಸಲು ಅವರಿಗೆ ಮನಸ್ಸು ಒಪ್ಪಿರಲಿಲ್ಲ. ಶಿವದಾರ ಬಿಚ್ಚಿ ದೇವರ ಗೂಡಿನಲ್ಲಿ ಇಟ್ಟಿದ್ದರು. ಮಲಗಿದ್ದಾಗ ಸೋರುವುದು ಕಡಿಮೆ. ಹಾಗಾಗಿ ಎದ್ದೊಡನೆ ಮಿಂದು, ಒಣಗಿರುವ ಅರ್ಧ ಗಳಿಗೆಯಲ್ಲೇ ಲಿಂಗವನ್ನು ಧರಿಸಿ ಪೂಜೆ ಮುಗಿಸಿ, ಒಂದು ಬಟ್ಟಲು ಅಂಬಲಿ, ಒಂದು ಲೋಟ ನೀರು ಕುಡಿದು, ಮತ್ತೆ ಬಿಚ್ಚಿಡುತ್ತಿದ್ದರು. ಮರುದಿನ ಬೆಳಗಿನವರೆಗೆ ಏನೂ ಇಲ್ಲ. ಇದೇ ಆ ವ್ರತ.

ನನಗೆ ಜೀವ ಬಂದಂತಾಯಿತು. ಇದು ನಾನು ಗೆಲ್ಲಬಲ್ಲ ವಾದ. ನಿಮ್ಮ ಧರ್ಮವೇ ಸೂತಕಗಳನ್ನು ನಿರಾಕರಿಸಿದೆ ಎಂದೆ. ಹುಟ್ಟು ಸಾವುಗಳ ಮೈಲಿಗೆಯನ್ನೂ ಜಾತಿಯ ಮೈಲಿಗೆಯನ್ನೂ ತಳ್ಳಿಹಾಕಿದ ಶರಣರು, ಗಾಯಗೊಂಡ ದೇಹದ ನಾಲ್ಕು ಹನಿಗೆ ಹೆದರುತ್ತಿದ್ದರೇ ಎಂದು ಪ್ರಶ್ನಿಸಿದೆ. ಲಿಂಗದಿಂದ ದೇಹ ಶುದ್ಧವಾಗುವುದೋ, ದೇಹದಿಂದ ಲಿಂಗ ಅಶುದ್ಧವಾಗುವುದೋ ಎಂದು ಸವಾಲು ಹಾಕಿದೆ. ಬಸ್ಸು ಊರು ತಲುಪುವ ಹೊತ್ತಿಗೆ ನನ್ನ ಮೂರೂ ಅಂಶಗಳು ಮುಗಿದಿದ್ದವು.

"ನೀವೇ ಗೆದ್ರಿ ಮೇಷ್ಟ್ರೇ" ಎಂದರು. ಇಳಿಯಲು ಎದ್ದಾಗ, "ಆದ್ರೆ ಪಂಚೆ ಒದ್ದೆ ಇದೆಯಲ್ಲ" ಎಂದರು.

ಮನೆಗೆ ಬಂದಾಗ ಗಿರಿಜಮ್ಮ ಹೊಸ್ತಿಲಲ್ಲೇ ಇದ್ದರು. ನಾನು ವೈದ್ಯರು ಹೇಳಿದ್ದಷ್ಟನ್ನು, ಹೇಳಬಹುದಾದ ಪದಗಳಲ್ಲಿ ಹೇಳಿ, ಉಳಿದದ್ದಕ್ಕೆ ತಡವರಿಸಿದೆ. ಯಜಮಾನರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

"ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ ಮಾವ?" ಎಂದರು ಗಿರಿಜಮ್ಮ. "ಕೋಳಿ ಕೂಗೋಕೆ ಮುಂಚೆ ಮಾವ ಬಾವಿ ತಾವ ತನ್ನ ಪಂಚೆ ತಾನೇ ಒಗೀತಾ ನಿಂತಿದ್ರೆ, ಸೊಸೆಗೆ ಕಣ್ಣಿಲ್ವಾ? ನೀವಾಗಿ ಹೇಳ್ತೀರಿ ಅಂತ ಸುಮ್ಕಿದ್ದೆ. ಗೂಡಿನಾಗೆ ಕರಡಿಗೆ ನೋಡಿದ್ದು ಮಾತ್ರ ಇವತ್ತೇ."

ಒಳಗೆ ಹೋಗಿ ನೀರಿನ ಚೊಂಬು ತಂದರು. ಇನ್ನೊಂದು ಕೈಯಲ್ಲಿ ಆ ಶಿವದಾರವಿತ್ತು.

"ಕಟ್ಕೊಳ್ಳಿ."

"ಬ್ಯಾಡ ಕಣಮ್ಮ. ಮೈ ಸರಿಯಿಲ್ಲ."

"ನಾನು ಸಿರಾದಿಂದ ಈ ಮನೆಗೆ ಬಂದ ಮೊದಲ್ನೇ ತಿಂಗ್ಳು, ಹೊರಗಾದೆ ಅಂತ ಕರಡಿಗೆ ಬಿಚ್ಚಿಟ್ಟು ಕೊಟ್ಟಿಗೆ ತಾವ ಕೂತಿದ್ದೆ. ನಮ್ಮ ತವರಲ್ಲಿ ಅಂಗೇ ರೂಢಿ. ನೀವು ಬಂದು ಏನಂದ್ರಿ? 'ಏಳಮ್ಮ, ಅದು ಮೈಯ ಗುಣ, ತಪ್ಪಲ್ಲ. ಲಿಂಗ ಕಟ್ಕೊ, ಪೂಜೆ ಮಾಡು, ನನಗೆ ಹಸಿವಾಗೈತೆ, ಬಂದು ಬಡಿಸು' ಅಂದ್ರಿ. ಬೀದಿಯೋರೆಲ್ಲ ಆಡ್ಕೊಂಡ್ರು. ನೀವು ನನ್ನ ಕೈಲೇ ಬಡಿಸ್ಕೊಂಡು ಉಂಡ್ರಿ. ಅವತ್ತಿಂದ ಒಂದು ದಿನಾನೂ ನಾನು ಬಿಚ್ಚಿಲ್ಲ. ಈಗ ಹೇಳಿ ಮಾವ, ನನ್ನ ಮೈಗೊಂದು ನ್ಯಾಯ, ನಿಮ್ಮ ಮೈಗೊಂದಾ? ಇಲ್ಲ, ಅವತ್ತು ಸುಳ್ಳು ಹೇಳಿದ್ರಾ?"

ಯಜಮಾನರು ಹಣೆಯನ್ನು ಗೋಡೆಗೆ ಒತ್ತಿದರು.

"ಸುಳ್ಳೇ ಆದ್ರೆ ನಾನೂ ಬಿಚ್ಚಿಡ್ತೀನಿ. ಆಮೇಲೆ ನನಗೂ ನೀರಿಲ್ಲ." ಅವರ ಕೈ ತಮ್ಮ ಕೊರಳಿನ ಶಿವದಾರದ ಗಂಟಿಗೆ ಹೋಯಿತು. ಅದು ಬರಿಯ ಬೆದರಿಕೆಯಲ್ಲವೆಂದು ನನಗೂ ತಿಳಿಯಿತು, ಅವರಿಗೂ ತಿಳಿಯಿತು.

"ಬ್ಯಾಡ, ಬ್ಯಾಡ" ಎಂದು ಯಜಮಾನರು ತಟ್ಟನೆ ತಿರುಗಿ ಕೈ ಚಾಚಿದರು. ಗಿರಿಜಮ್ಮನೇ ಹಿಂದೆ ನಿಂತು ಕಟ್ಟಿದರು. ಒದ್ದೆ ಪಂಚೆಯಲ್ಲಿಯೇ ಮಣೆಯ ಮೇಲೆ ಕುಳಿತು, ಲಿಂಗವನ್ನು ಒಂದು ಕ್ಷಣ ಅಂಗೈಯಲ್ಲಿಟ್ಟು ನೋಡಿ, ಮಾತ್ರೆ ನುಂಗಿ, ಚೊಂಬಿನ ನೀರನ್ನು ಒಂದೇ ಸಮನೆ ಕುಡಿದರು. ಎಷ್ಟು ದಿನದ ಬಾಯಾರಿಕೆಯೋ! ಗಂಟಲಿನ ಸದ್ದು ನಾನು ನಿಂತಲ್ಲಿಗೆ ಕೇಳಿಸಿತು. ನಾನು ಬಸ್ಸಿನಲ್ಲಿ ಒಂದು ಗಂಟೆ ಹೂಡಿದ ವಾದಕ್ಕೆ ಬಗ್ಗದವರು, ತಾವೇ ಒಬ್ಬಳಿಗೆ ಕೊಟ್ಟ ಮಾತಿಗೆ ಬಗ್ಗಿದ್ದರು. ತರ್ಕದಲ್ಲಿ ಎರಡೂ ಒಂದೇ ವಾದ. ಆದರೆ ನನ್ನದನ್ನು ನಾನು ಓದಿ ಕಲಿತಿದ್ದೆ. ಗಿರಿಜಮ್ಮ ತಮ್ಮದನ್ನು ಪ್ರತಿ ತಿಂಗಳೂ ಬಾಳಿದ್ದರು.

ನೀರು ಇಳಿದ ಮೇಲೆ ಮನೆಯ ಗಾಳಿಯೇ ಹಗುರಾಯಿತು. ಎದ್ದು ನಿಂತ ಯಜಮಾನರು ಅಂಗಡಿಯತ್ತ ನಡೆದು, ತೆಳು ಮಲ್ ಬಟ್ಟೆಯ ಹೊಸ ಥಾನಿನ ಸುರುಳಿಯಿಂದ ಒಂದಿಷ್ಟು ಹರಿದುಕೊಳ್ಳಲು ಹೊರಟರು. ಇಷ್ಟು ದಿನ ಅದನ್ನೇ ಲಂಗೋಟಿಯೊಳಗೆ ಮಡಿಸಿ ಇಟ್ಟುಕೊಳ್ಳುತ್ತಿದ್ದರಂತೆ. ಗಿರಿಜಮ್ಮ ಅದನ್ನು ಕೈಯಿಂದ ಕಿತ್ತುಕೊಂಡರು.

"ನಲವತ್ತು ವರ್ಷ ಬಟ್ಟೆ ಮಾರಿ ಇಷ್ಟೂ ತಿಳೀಲಿಲ್ವಾ ಮಾವ? ಹೊಸ ಬಟ್ಟೇಲಿ ಗಂಜಿ ಇರ್ತದೆ, ನೀರು ಎಳೆಯಲ್ಲ, ತೊಡೆ ಬೇರೆ ಉಜ್ತದೆ. ಇದಕ್ಕೆ ನೂರು ಸಲ ಒಗೆದ ಹಳೇ ಸೀರೆ ಬೇಕು."

"ಹೆಂಗೆ ಮಡಿಸೋದು?" ಎಂದು ಕೇಳಿದರು ಯಜಮಾನರು, ತುಸು ಸಂಕೋಚದಿಂದ, ತುಸು ಒಬ್ಬ ವ್ಯಾಪಾರಿಯ ಕುತೂಹಲದಿಂದ.

"ಕೂತ್ಕೊಳ್ಳಿ, ತೋರಿಸ್ತೀನಿ. ಈ ವಿದ್ಯೆ ನಮ್ದು. ಗಂಡಸ್ರು ಈಗ ಕಲೀತಿದ್ದೀರಿ."

ಯಜಮಾನರು ನಕ್ಕರು. ನಕ್ಕದ್ದರಿಂದ ಮತ್ತೆ ಒಂದಿಷ್ಟು ಸೋರಿರಬೇಕು. ಮುಖ ಕಿವುಚಿ, ಮತ್ತೂ ನಕ್ಕರು. ನಾನು ಹೊರಗೆ ಹೋಗಲೋ ಇರಲೋ ತಿಳಿಯದೆ ಅಲ್ಲೇ ನಿಂತಿದ್ದೆ.

ಅಂದಿನಿಂದ ಆ ಮನೆಯಲ್ಲಿ ಒಂದು ಸಣ್ಣ ಕ್ರಾಂತಿಯಾಯಿತು. ಹೆಂಗಸರು ಇಂಥ ಬಟ್ಟೆಗಳನ್ನು ಬೇರೆ ಬಟ್ಟೆಯ ಅಡಿಯಲ್ಲಿ, ಬಿಸಿಲು ಬೀಳದ ಮೂಲೆಯಲ್ಲಿ ಒಣಹಾಕುವುದು ನಮ್ಮಲ್ಲಿ ರೂಢಿ. ಎರಡನೆಯ ಭೇಟಿಯಲ್ಲಿ ವೈದ್ಯರು, ಬಟ್ಟೆ ಚೆನ್ನಾಗಿ ಬಿಸಿಲಿಗೆ ಒಣಗದಿದ್ದರೆ ನಂಜು ಮರುಕಳಿಸುತ್ತದೆ ಎಂದಾಗ, ಯಜಮಾನರು ಹಿತ್ತಲಿನ ನಟ್ಟನಡುವೆ ಹಗ್ಗ ಕಟ್ಟಿಸಿದರು. ತಮ್ಮದನ್ನೂ ಅಲ್ಲಿ ಹರವಿದರು, ಗಿರಿಜಮ್ಮನಿಗೂ, "ನಿನ್ನವೂ ಇಲ್ಲೇ ಹಾಕಮ್ಮ, ಮೂಲೇಲಿ ಯಾಕೆ ಬೂಷ್ಟು ಹಿಡಿಸ್ತೀಯ" ಎಂದರು. ಹೆಣ್ಣುಮಕ್ಕಳ ಆರೋಗ್ಯವನ್ನು ಕುರಿತು ನಾನು ಎಷ್ಟೋ ಭಾಷಣ ಮಾಡಿದ್ದೆ. ಆ ಹಗ್ಗದ ವಿಷಯ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಬಿಗಿಹಿಡಿಯುವ ಅಭ್ಯಾಸವನ್ನು ಅವರು ಜಪಕ್ಕೆ ಜೋಡಿಸಿದರು. ರುದ್ರಾಕ್ಷಿಯ ಒಂದು ಮಣಿಗೆ ಬಿಗಿ, ಮುಂದಿನ ಮಣಿಗೆ ಸಡಿಲ. ಭಾನುವಾರದ ಚರ್ಚಾಕೂಟದಲ್ಲಿ ಕಣ್ಣು ಮುಚ್ಚಿ ಮಣಿ ಎಣಿಸುತ್ತಿದ್ದ ಅವರನ್ನು ಕಂಡು ಜನ ಧ್ವನಿ ತಗ್ಗಿಸುತ್ತಿದ್ದರು. ಅದು ಯಾವ ಸಾಧನೆಯೆಂದು ಬಲ್ಲವನು ನಾನೊಬ್ಬನೇ. ನಾನು ನಗು ತಡೆಯಲು ಒದ್ದಾಡುತ್ತಿದ್ದರೆ, ಅವರು ಒಂದೇ ಕಣ್ಣು ತೆರೆದು, "ಮುಂದುವರಿಸಿ ಮೇಷ್ಟ್ರೇ, ನನ್ನದು ಇನ್ನೂ ಐವತ್ತು ಇದೆ" ಎನ್ನುತ್ತಿದ್ದರು.

ಹಾಗೆಂದು ಕಾಯಿಲೆ ಒಂದೇ ದಿನಕ್ಕೆ ಬಿಡಲಿಲ್ಲ. ಬೆಳಗಿನ ಹೊತ್ತು ಒಣಗಿರುವುದು ಮೊದಲು ಬಂತು, ಮಧ್ಯಾಹ್ನದವರೆಗೆ ಒಣಗಿರುವುದು ಎಷ್ಟೋ ವಾರಗಳ ಮೇಲೆ. ಸಂಜೆಯಾದರೆ ದಣಿವಿನಿಂದ ಹಿಡಿತ ತಪ್ಪುತ್ತಿತ್ತು. ಭಾರವಾದ ಥಾನು ಎತ್ತಿದ ದಿನ ಕೆಡುತ್ತಿತ್ತು. ಎತ್ತುವ ಕೆಲಸ ಮಗನಿಗೆ ಹೋಯಿತು. ವರ್ಷ ತುಂಬುವ ಹೊತ್ತಿಗೆ ಕೆಮ್ಮಿದಾಗ ನಾಲ್ಕು ಹನಿ ಮಾತ್ರ ಉಳಿಯಿತು. ಅದು ಕೊನೆಯವರೆಗೂ ಉಳಿಯಿತು; ಅದರೊಡನೆ ಅವರೂ ಐದಾರು ವರ್ಷ ಸುಖವಾಗಿ ಉಳಿದರು. ದಿನಕ್ಕೆ ಎರಡು ಹೊತ್ತು ಉಂಡರು. 'ಕಲ್ಲು' ಎಂಬ ಮಾತನ್ನು ಬಿಟ್ಟು, ಕೇಳಿದವರಿಗೆ ಇದ್ದದ್ದನ್ನೇ ಹೇಳತೊಡಗಿದರು.

ಹೀಗೆ ಹೇಳಿದ್ದರಿಂದಲೇ ಜನ ಹುಡುಕಿಕೊಂಡು ಬಂದರು. ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ, ಪಾವಗಡದಾಚೆಯ ರಾಯಚರ್ಲಿನಿಂದ ಒಬ್ಬ ಮುದುಕ ಬಂದ. ಭುಜದ ಮೇಲೆ ಕಂಬಳಿ, ತುಟಿ ಒಡೆದಿತ್ತು. ಬಟ್ಟೆಯನ್ನೇನೂ ಕೇಳದೆ ಬಾಗಿಲಲ್ಲೇ ನಿಂತ. ಯಜಮಾನರು ನಡುನಡುವೆ ಕೆಮ್ಮುತ್ತ ಒಳಗೆ ಬಾ ಎಂದು ಮೂರು ಸಲ ಕರೆಯಬೇಕಾಯಿತು.

"ಆಪರೇಷನ್ ಆಯ್ತು ಸಾಮಿ. ಅಂತಾ ಬಾಗುಂದಿ, ಎಲ್ಲಾ ಸರಿಯಾಗೈತೆ ಅಂದ್ಬುಟ್ರು ಡಾಕ್ಟ್ರು. ಬಾಗಿಲ್ಲ ಸಾಮಿ" ಎಂದ ಅವನು ತೆಲುಗು ಬೆರೆತ ಕನ್ನಡದಲ್ಲಿ, ನೆಲ ನೋಡುತ್ತ. "ಮನ್ಯಾಗೆ ಯಾರಿಗೂ ಚೆಪ್ಪಿಲ್ಲ, ಹೇಳೋಕೆ ನಾಚ್ಕೆ. ಕುರಿ ಹಿಂದೆ ಹೋಗೋದು ಬುಟ್ಟೆ. ನಿಮ್ಮ ತಾವ ಏನೋ ಔಷಧಿ ಐತಂತೆ."

"ಐತೆ. ಬೆಳಿಗ್ಗೆಯಿಂದ ನೀರು ಕುಡಿದ್ಯಾ?"

"ಲೇದು ಸಾಮಿ. ಬಸ್ಸಿನಾಗೆ ಬರಬೇಕಿತ್ತು, ವಾಪಸ್ಸು ಹೋಗಬೇಕು. ಅಷ್ಟು ದೂರ, ದಾರ್ಯಾಗೆ ಸೋರಿದ್ರೆ..."

ಯಜಮಾನರು ಒಳಗಿನಿಂದ ಚೊಂಬು ತರಿಸಿ ಅವನ ಕೈಗಿಟ್ಟರು. ಅವನು ಹಿಡಿದುಕೊಂಡೇ ನಿಂತ, ತುಟಿಗೆ ತರಲಿಲ್ಲ.

"ಒದ್ದೆ ಆಗ್ತದೆ ಸಾಮಿ. ಮಂದಿ ಮುಂದೆ ಹೆಂಗೆ?"

"ಲೇ, ಇಲ್ನೋಡು" ಎಂದರು ಯಜಮಾನರು. "ಈಗ ನಿನ್ನ ಕರೆಯೋವಾಗ ಕೆಮ್ಮಿದ್ನಲ್ಲ, ಆಗಲೇ ನನಗಾಯ್ತು. ಒದ್ದೇಲೇ ಕೂತಿದ್ದೀನಿ. ಎದೆ ಮೇಲೆ ಲಿಂಗಾನೂ ಐತೆ. ನಿನಗೆ ಗೊತ್ತಾಯ್ತಾ?"

ಮುದುಕ ಅವರನ್ನು ಹಣೆಯಿಂದ ಪಾದದವರೆಗೆ ನೋಡಿದ. ಬಿಳಿಯ ಪಂಚೆಯನ್ನು ನೋಡಿದ. ನನ್ನ ಕಡೆಗೂ ಒಮ್ಮೆ ನೋಡಿದ, ನನಗೂ ಗೊತ್ತಾಗಿರಲಿಲ್ಲ.

"ಇಲ್ಲ ಸಾಮಿ" ಎಂದ. ಒಡೆದ ತುಟಿಯಲ್ಲೇ ಅವನಿಗೆ ನಗು ಬಂತು. ನಗುತ್ತಲೇ ಚೊಂಬೆತ್ತಿ, ಕಣ್ಣು ಮುಚ್ಚಿ, ಕೊನೆಯ ಹನಿಯವರೆಗೆ ಕುಡಿದ.